ಅಂಟಿನ ಪಂಪು

ತಾಯಪ್ಪನ ಎಡಗಣ್ಣು ಹೋಯಿತು. ಕನ್ನಡಕ ಹಾಕಿಕೊಳ್ಳದೆ ಕೆಲಸಕ್ಕೆ ಕೂತಿದ್ದ ಎಂದು ಕಂಪನಿ ಬರೆಯಿತು. ಆ ಶೆಡ್ಡಿಗೆ ಕನ್ನಡಕದ ಡಬ್ಬಿ ಬಂದದ್ದು ಮರುದಿನ.

ಅವನ ಹೆಂಡತಿ ಅಂಬಾಬಾಯಿ ಅದೇ ಶೆಡ್ಡಿನವಳು. ಪುಣೆ ಬಳಿ ಭೋಸರಿಯ ಆ ಕಾರ್ಖಾನೆ ಬೆಳೆಗೆ ಔಷಧಿ ಹೊಡೆಯುವ ಪಂಪು ಮಾಡುತ್ತದೆ. ಬಾರಾಮತಿ ಕಡೆ ಕಬ್ಬಿನೊಳಗೆ ದುಡಿದು ಕೆಟ್ಟವು ತಿರುಗಿ ಇಲ್ಲಿಗೇ ಬರುತ್ತವೆ. ಮೊದಲು ನಾಲ್ಕು ಸ್ಕ್ರೂ ಬಿಚ್ಚಿದರೆ ಮೋಟರಿನ ಗೂಡು ತೆರೆಯುತ್ತಿತ್ತು. ಸವೆದ ವಾಶರು ತೆಗೆದು, ಹೊಸದು ಕೂಡಿಸಿ, ಒರೆಸಿ ಮುಚ್ಚಿದರೆ ಅದೇ ಪಂಪು ಮತ್ತೆ ಹೊಲಕ್ಕೆ ಹೋಗುತ್ತಿತ್ತು. ಬಾಣಂತನ ಮಾಡಿ ಕಳಿಸುವುದು ಎಂದು ತಾಯಪ್ಪ ಆ ಕೆಲಸಕ್ಕೆ ಹೆಸರಿಟ್ಟಿದ್ದ.

ಆಮೇಲೆ ಹೊಸ ಮಾದರಿ ಬಂತು. ಸ್ಕ್ರೂ ಹೋಗಿ ಅಂಟು ಬಂತು. ಜೋಡಣೆ ಬೇಗ ಮುಗಿಯುತ್ತದಂತೆ. ಸ್ಕ್ರೂ ಇದ್ದಲ್ಲಿ ಅದರ ತಲೆಯಂಥ ಉಬ್ಬನ್ನು ಮಾತ್ರ ಅಚ್ಚು ಹಾಕಿದ್ದರು. "ಬೋಳು ತಲಿಗೆ ಮಲ್ಲಿಗಿ ದಂಡಿ" ಎಂದು ಪಕ್ಕದಲ್ಲಿ ಕೂರುವ ವಸಂತಿ ನಕ್ಕಿದ್ದಳು. ಒಳಗಿನ ತಾಮ್ರ ಬೇಕೆಂದರೆ ಉಳಿ ಇಟ್ಟು ಸುತ್ತಿಗೆಯಿಂದ ಒಡೆಯಬೇಕು; ಉಳಿದದ್ದು ಗುಜರಿಗೆ. ಹಾಗೆ ಒಡೆಯುವಾಗಲೇ ತಾಯಪ್ಪನ ಕಣ್ಣಿಗೆ ಚೂರು ಸಿಡಿದಿತ್ತು. ಅಂಬಾಬಾಯಿ ಅಂದು ಅಳಲಿಲ್ಲ, ಇಂದಿಗೂ ಅತ್ತಿಲ್ಲ. ಮುಂಜಾನೆ ರೊಟ್ಟಿ ಬಡಿಯುತ್ತಾಳೆ, ತಾಟನ್ನು ಗಂಡನ ಬಲಕ್ಕೆ ಇಡುತ್ತಾಳೆ, ಕೆಲಸಕ್ಕೆ ಬರುತ್ತಾಳೆ. ಉಳಿ ಈಗ ವಸಂತಿಯ ಕೈಯಲ್ಲಿದೆ.

ದಸರೆಯ ಖಂಡೆಪೂಜೆ, ಆಯುಧಗಳ ಪೂಜೆಯ ದಿನ ಖರಾಡಿಯ ದೊಡ್ಡ ಆಫೀಸಿನಿಂದ ಪಂಪು ಖರೀದಿಸುವವರು ಬರುವವರಿದ್ದರು. ಬಿಚ್ಚಿ ಮತ್ತೆ ಹೊಸದು ಮಾಡಬಹುದಾದ ಪಂಪೇ ಅವರಿಗೆ ಬೇಕು. ಸೂಪರ್‌ವೈಜರ್ ಶಿವಪ್ರಕಾಶ ವಿಜಯಪುರದವ, ಅಂಬಾಬಾಯಿಗೆ ಎಲ್ಲವನ್ನೂ ಮೊದಲೇ ಹೇಳಿಟ್ಟಿದ್ದ. ಹೊಸ ಬಣ್ಣದ ಒಂದೇ ಒಂದು ಪಂಪಿಗೆ ನಿಜವಾದ ಸ್ಕ್ರೂ ಹಾಕಿಸಿದ್ದಾನೆ. ಅದನ್ನು ಅವಳು ಅವರೆದುರು ಬಿಚ್ಚಬೇಕು, ವಾಶರು ಬದಲಿಸಿ ಮುಚ್ಚಬೇಕು. ಅವರು ಒಪ್ಪಿದರೆ ಅಂಟಿನ ಮಾದರಿಯೇ ಕಾಯಂ. ತಾಯಪ್ಪನಿಗೆ ಗೇಟಿನ ಹತ್ತಿರ ಕೂಡುವ ಕೆಲಸ. ಕೇಳಿಸಿಕೊಂಡು ಅಂಬಾಬಾಯಿ ಮುಂದಿನ ಪಂಪಿಗೆ ಕೈ ಹಾಕಿದ್ದಳು.

ಬಂದವರು ಅಂಬಾಬಾಯಿ ಕೂತಿದ್ದ ಮಣೆಯ ಸುತ್ತ ನಿಂತರು. ಪಂಪು ಎದುರಿಗಿತ್ತು. ಉಳಿ, ಸುತ್ತಿಗೆ, ಸ್ಕ್ರೂಡ್ರೈವರುಗಳು ಕುಂಕುಮ ಹಚ್ಚಿಕೊಂಡು ಗೋಡೆ ಬದಿಗೆ ಸಾಲಾಗಿದ್ದವು. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಕೊಡುವವರೆಗೆ ಎತ್ತುವ ರೂಢಿಯಿಲ್ಲ. ಅವಳ ಕೈ ಮಡಿಲಲ್ಲೇ ಇತ್ತು.

ಶಿವಪ್ರಕಾಶ ತನ್ನ ಜೇಬಿನಿಂದ ಹೊಸ ಸ್ಕ್ರೂಡ್ರೈವರು ತೆಗೆದು ಅವಳ ಮುಂದೆ ಇಟ್ಟ. "ಇದು ಪೂಜಿಗೆ ಇಟ್ಟದ್ದಲ್ಲ. ತಗೋ."

ಅವಳು ತೆಗೆದುಕೊಳ್ಳಲಿಲ್ಲ. ಬಂದವರಲ್ಲೊಬ್ಬಳು ಮರಾಠಿಯಲ್ಲಿ, ರೂಢಿ ಮುರಿಯುವುದು ಬೇಡ, ದಸರೆ ಕಳೆದ ಮೇಲೆ ಬಂದರಾಯಿತು ಎಂದಳು. ಶಿವಪ್ರಕಾಶನ ಉಸಿರು ಹಗುರಾಯಿತು. ಅಂಬಾಬಾಯಿಯ ಕಿವಿಯ ಹತ್ತಿರ ಬಾಗಿ, ಪೂಜೆಗಾಗಿಯೇ, ಹೌದು ಅನ್ನು, ಅಷ್ಟು ಸಾಕು, ಗೇಟಿನ ಕೆಲಸ ಎಲ್ಲಿಗೂ ಹೋಗುವುದಿಲ್ಲ ಎಂದ.

ವಸಂತಿ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ನೋಡುತ್ತಿದ್ದಳು. ಗಾಜಿನ ತುಂಬ ಸಣ್ಣ ಸಣ್ಣ ಗೀರು.

"ಪೂಜಾದ ಮಾತಲ್ರಿ ಸಾಹೇಬ್ರ" ಎಂದು ಅಂಬಾಬಾಯಿ ಎಲ್ಲರಿಗೂ ಕೇಳುವ ಹಾಗೆ ಅಂದಳು. ಮೊದಲು ಕನ್ನಡದಲ್ಲಿ, ಆಮೇಲೆ ಬಂದವರ ಕಡೆ ತಿರುಗಿ ಮರಾಠಿಯಲ್ಲಿ. "ಬನ್ನಿ ಕೊಟ್ಟ ಮ್ಯಾಲೂ ನಾ ಇದನ್ನ ಬಿಚ್ಚಂಗಿಲ್ಲ. ಇದೊಂದಕ್ಕ ಸ್ಕ್ರೂ ಹಾಕ್ಯಾರ, ಉಳಿದವೆಲ್ಲ ಅಂಟಿನವು ಅವ. ನಾ ಒಲ್ಲೆ."