ವರ್ಷದ ಕೊನೆಯ ದಿನದ ಸಾಲ

ಹಲ್ಲಿನ ಡಾಕ್ಟರಿಗೆ ಸಾಲವೆಂದರೆ ಮೈಮೇಲೆ ಹುಳ ಬಿಟ್ಟಂತೆ. ಜೊತೆಯಲ್ಲಿ ಓದಿದವರೆಲ್ಲ ಸಾಲ ತೆಗೆದು ಮನೆ ಕಟ್ಟಿದರು, ಕಾರು ಕೊಂಡರು, ಕ್ಲಿನಿಕ್ಕಿಗೆ ಎರಡೆರಡು ಕುರ್ಚಿ ಹಾಕಿಸಿದರು. ಇವರೋ, ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಿದ್ದರೆ ಬಿಸ್ಕತ್ತಿನ ಪೊಟ್ಟಣವನ್ನೇ ವಾಪಸು ಇಟ್ಟು ಬರುವ ಆಸಾಮಿ. ನಾಳೆ ಕೊಟ್ಟರಾಯಿತೆಂದು ಅಂಗಡಿಯವನು ಗೋಗರೆದರೂ ಊಹೂಂ. ಹೀಗಾಗಿ ಕೈಗುಣ ಎಷ್ಟೇ ಚೆನ್ನಾಗಿದ್ದರೂ ಸ್ವಂತ ಕ್ಲಿನಿಕ್ ಎಂಬುದು ಆಗಿರಲಿಲ್ಲ. ಒಂಬತ್ತು ವರ್ಷದಿಂದ ಬೇರೊಬ್ಬರ ಕ್ಲಿನಿಕ್ಕಿನಲ್ಲಿ, ಬೇರೊಬ್ಬರ ಕುರ್ಚಿಯ ಪಕ್ಕ ನಿಂತು, ಬಂದದ್ದರಲ್ಲಿ ಅರ್ಧ ಅವರಿಗೆ ಕೊಟ್ಟು ದುಡಿಯುತ್ತಿದ್ದರು. ಉಳಿದರ್ಧದಲ್ಲಿ ಗಂಡ ಹೆಂಡತಿ ಹೊಟ್ಟೆಬಟ್ಟೆ ಕಟ್ಟಿ ಒಂದು ಗಂಟು ಮಾಡಿಟ್ಟಿದ್ದರು. ಕ್ಲಿನಿಕ್ಕಿಗೆ ಬೇಕಾಗಿದ್ದದ್ದು ಅಂಥ ಎರಡು ಗಂಟು.

ಎರಡನೆಯ ಗಂಟಿಗೆ ದಾರಿ ತೋರಿಸಿದವರು ಲಿಫ್ಟ್ ಯಜಮಾನರು. ಊರಿನ ಅರ್ಧ ಕಟ್ಟಡಗಳಲ್ಲಿ ಜನರನ್ನು ಮೇಲಕ್ಕೂ ಕೆಳಕ್ಕೂ ಹೊತ್ತು ತಿರುಗುವ ಪೆಟ್ಟಿಗೆಗಳು ಅವರ ಕಾರ್ಖಾನೆಯವೇ. ದವಡೆ ಹಲ್ಲೊಂದು ಹುಳುಕಾಗಿ, ಬೇರಿನ ತನಕ ಕೊರೆದು ತುಂಬಿಸಿಕೊಳ್ಳಲು ವಾರಕ್ಕೊಮ್ಮೆ ಬರುತ್ತಿದ್ದರು. ಆ ಕುರ್ಚಿಯಲ್ಲಿ ಮಲಗಿದವರು ಸಾಮಾನ್ಯವಾಗಿ ತೆಪ್ಪಗಿರುತ್ತಾರೆ. ಯಜಮಾನರು ಮಾತ್ರ ಬಾಯಿ ಮುಕ್ಕಳಿಸಲು ಎದ್ದಾಗಲೆಲ್ಲ ಒಂದು ಕಂತು ಮಾತಾಡಿ ಮತ್ತೆ ಮಲಗುವರು. ಮೊದಲ ಸಲ ಮುಕ್ಕಳಿಸಿದಾಗ, ಕಂಪನಿ ಹೊಸ ಷೇರು ಕೊಡುತ್ತಿದೆ ಎಂದರು. ಎರಡನೆಯ ಸಲ, ಅದೂ ಗುರುತಿದ್ದ ಕೆಲವರಿಗೆ ಮಾತ್ರ ಎಂದರು. ಮೂರನೆಯ ಸಲ, ದೊಡ್ಡ ಕಂಪನಿಯೊಂದು ತಮ್ಮದನ್ನು ಕೊಳ್ಳಲು ಕಾಯುತ್ತಿದೆ, ಎರಡು ವರ್ಷದಲ್ಲಿ ಒಂದಕ್ಕೆ ಎರಡು ಗ್ಯಾರಂಟಿ ಎಂದರು. ಹಲ್ಲು ಯಜಮಾನರದು, ಬಾಯಲ್ಲಿ ನೀರೂರಿದ್ದು ಡಾಕ್ಟರಿಗೆ.

ಡಾಕ್ಟರೇನೂ ಪೆದ್ದರಲ್ಲ, ಅಥವಾ ಹಾಗೆಂದು ಅವರು ತಿಳಿದಿದ್ದರು. ಕಂಪನಿಯ ವಾರ್ಷಿಕ ವರದಿ ತರಿಸಿಕೊಂಡರು. ಷೇರು ಕೊಳ್ಳುವ ಮುನ್ನ ಏನು ನೋಡಬೇಕೆಂದು ಹೇಳುವ ಒಂದು ಚಿಕ್ಕ ಪುಸ್ತಕವನ್ನೂ ಕೊಂಡರು, ನಗದು ಕೊಟ್ಟು. ಕಂಪನಿಯ ಸಾಲವನ್ನು ಮಾಲೀಕರ ಸ್ವಂತ ಬಂಡವಾಳದ ಪಕ್ಕ ಇಟ್ಟು ನೋಡಿ, ಸಾಲ ಕಡಿಮೆಯಿದ್ದಷ್ಟೂ ಒಳ್ಳೆಯದು ಎಂದು ಪುಸ್ತಕ ಹೇಳಿತ್ತು. ಇಟ್ಟು ನೋಡಿದರು. ಸ್ವಂತದ್ದು ಇನ್ನೂರಿದ್ದರೆ ಸಾಲ ಬರೀ ನೂರು. ಸಾಲಕ್ಕೆ ಹೆದರುವ ತನ್ನಂಥದೇ ಕಂಪನಿ ಎಂದು ಎದೆಯುಬ್ಬಿತು, ಪುಸ್ತಕ ಮುಚ್ಚಿಟ್ಟರು.

ಹೆಂಡತಿ ಬೇಡ ಅನ್ನಲಿಲ್ಲ. ಗಂಟು ಇಬ್ಬರದೂ ಆದ್ದರಿಂದ ಅಕ್ಕನಿಗೊಂದು ಸಲ ತೋರಿಸೋಣ ಎಂದಳು. ಅಕ್ಕ ಎಂದರೆ ಡಾಕ್ಟರ ಅಣ್ಣನ ಹೆಂಡತಿ, ಅತ್ತಿಗೆ. ಬ್ಯಾಂಕಿನಲ್ಲಿ ಕೆಲಸ. ಕಂಪನಿಗಳು ಸಾಲ ಕೇಳಿಕೊಂಡು ಬಂದರೆ ಅವುಗಳ ಹೊಟ್ಟೆ ಬಗೆದು ನೋಡುವುದೇ ಆಕೆಯ ಉದ್ಯೋಗ. ಮದುವೆಯಾಗಿ ಬಂದ ದಿನದಿಂದ ಮೈದುನನ ಕಾಲೆಳೆಯುವುದು ಆಕೆಯ ಇನ್ನೊಂದು ಉದ್ಯೋಗ, ಅದಕ್ಕೆ ಸಂಬಳವಿಲ್ಲ.

ಭಾನುವಾರ ಬೆಳಗ್ಗೆ ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಒಂದು ಕಡೆ ಬೀನ್ಸಿನ ರಾಶಿ, ಇನ್ನೊಂದು ಕಡೆ ವರದಿ ಇಟ್ಟುಕೊಂಡು, ಎರಡರ ನಾರನ್ನೂ ತೆಗೆಯತೊಡಗಿದರು. ಡಾಕ್ಟರು ತಮ್ಮ ಲೆಕ್ಕ ಒಪ್ಪಿಸಿದರು. ಅತ್ತಿಗೆ ಹೂಂ ಹೂಂ ಎನ್ನುತ್ತ ಡಾಕ್ಟರು ತೆರೆಯದೇ ಬಿಟ್ಟಿದ್ದ ಪುಟಕ್ಕೆ ಹೋದರು. ಬೀನ್ಸ್ ಮುರಿಯುವ ಕೈ ನಿಂತಿತು.

"ಸಾಲ ನೂರು ಅಂದ್ಯಲ್ಲಪ್ಪಾ. ಅದಕ್ಕೆ ವರ್ಷಕ್ಕೆ ಐವತ್ತು ಬಡ್ಡಿ ಕಟ್ಟಿದ್ದಾರೆ ನೋಡು" ಎಂದರು ಅತ್ತಿಗೆ. "ನೂರಕ್ಕೆ ಐವತ್ತು ಬಡ್ಡಿ ಸಿಗೋ ಜಾಗ ಯಾವುದು ಅಂತ ಕೇಳಿಕೊಂಡು ಬಾ. ನಾನು ಕೆಲಸ ಬಿಟ್ಟು ಅಲ್ಲೇ ದುಡ್ಡಿಟ್ಟು ಮನೇಲಿ ಕೂತ್ಕೋತೀನಿ."

ಡಾಕ್ಟರು ಅಚ್ಚಿನ ತಪ್ಪಿರಬಹುದು ಎಂದರು. ಅತ್ತಿಗೆ ನಗುತ್ತಲೇ ಬಿಡಿಸಿ ಹೇಳಿದರು. ವರದಿಯಲ್ಲಿರುವ ಸಾಲದ ಅಂಕಿ ವರ್ಷದ ಕೊನೆಯ ದಿನದ್ದು, ಆ ಒಂದು ದಿನದ್ದು ಮಾತ್ರ. ಬಡ್ಡಿಯ ಅಂಕಿ ಇಡೀ ವರ್ಷದ್ದು. ಬ್ಯಾಂಕು ಸಾಮಾನ್ಯವಾಗಿ ಕೇಳುವ ಬಡ್ಡಿಯನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ವರ್ಷವಿಡೀ ಇದ್ದ ಸಾಲ ಹತ್ತಿರಹತ್ತಿರ ಐನೂರು, ಅಂದರೆ ಸ್ವಂತ ಬಂಡವಾಳದ ಎರಡೂವರೆ ಪಟ್ಟು. ಕೊನೆಯ ವಾರ ಗಿರಾಕಿಗಳಿಂದ ಮುಂಗಡ ಬಾಚಿಕೊಂಡು, ಲಿಫ್ಟಿಗೆ ಮೋಟಾರು ಕೊಟ್ಟವರಿಗೆ ನಾಳೆ ಬಾ ಎಂದು ಹೇಳಿ, ಅಲ್ಲಿ ಇಲ್ಲಿ ಬರಬೇಕಾದದ್ದನ್ನು ವಸೂಲಿ ಮಾಡಿ ಬ್ಯಾಂಕಿಗೆ ಕಟ್ಟುವುದು, ಹೊಸ ವರ್ಷ ಹುಟ್ಟಿದ ಮೇಲೆ ಮತ್ತೆ ತೆಗೆಯುವುದು. ಇನ್ನೂ ಒಂದು ಮಾತಿತ್ತು. ಬಡ್ಡಿ ಕಟ್ಟುವ ಮುನ್ನ ಕಂಪನಿ ವರ್ಷವಿಡೀ ದುಡಿದದ್ದು ಐವತ್ತೈದು. ಅದರಲ್ಲಿ ಐವತ್ತು ಬಡ್ಡಿಗೇ ಹೋದರೆ ಉಳಿದ ಐದರಲ್ಲಿ ಒಂದಕ್ಕೆ ಎರಡು ಎಲ್ಲಿಂದ ಬರಬೇಕು?

ಡಾಕ್ಟರ ಮುಖ ಕೆಂಪಾಯಿತು. ಇದು ಅವರಿಗೆ ಗೊತ್ತಿಲ್ಲದ ವಿದ್ಯೆಯಾಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ದಿನಬೆಳಗಾದರೆ ಅವರು ನೋಡುವುದೇ ಇದನ್ನು. ಡಾಕ್ಟರ ಹತ್ತಿರ ಹೋಗುವ ದಿನ ಎಲ್ಲರೂ ಹಲ್ಲನ್ನು ಗಸಗಸ ಉಜ್ಜಿಕೊಂಡು ಬರುತ್ತಾರೆ. ಹಲ್ಲು ಆವತ್ತಿನ ಸುದ್ದಿ ಹೇಳುತ್ತದೆ, ವರ್ಷದ ಸುದ್ದಿ ಬೇಕಾದರೆ ಒಸಡನ್ನು ಮುಟ್ಟಿ ನೋಡಬೇಕು. ಯಜಮಾನರ ಹಲ್ಲು ಫಳಫಳ ಹೊಳೆಯುತ್ತಿತ್ತು, ಒಸಡು ಮುಟ್ಟಿದರೆ ರಕ್ತ. ಅದನ್ನು ಡಾಕ್ಟರು ತಮ್ಮ ಕೈಯಾರೆ ಬರೆದಿಟ್ಟುಕೊಂಡಿದ್ದರು, ಆಮೇಲೆ ಆ ಮನುಷ್ಯನದೇ ಕಂಪನಿಯ ಹಲ್ಲು ನೋಡಿ ಮರುಳಾಗಿದ್ದರು.

ಆದರೂ ಆಸೆ ಅಷ್ಟು ಸುಲಭಕ್ಕೆ ಸಾಯುವ ಜಾತಿಯದಲ್ಲ. ಏನಾದರೂ ಕಾರಣ ಇದ್ದೀತು, ಕೇಳಿಬಿಡೋಣ ಎಂದು ಮಂಗಳವಾರ ಯಜಮಾನರು ಬರುವುದನ್ನೇ ಕಾದರು. ಯಜಮಾನರು ಬಂದರು, ಮಲಗಿದರು. ಮರಗಟ್ಟಿಸುವ ಸೂಜಿ ಚುಚ್ಚಿದ್ದಾಯಿತು. ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ ಎಂದು ಎಲ್ಲರಿಗೂ ಹೇಳುವ ಮಾತನ್ನು ಅವರಿಗೂ ಹೇಳಿದರು. ಕೊರೆಯುವ ಯಂತ್ರವನ್ನು ಕೈಗೆತ್ತಿಕೊಂಡು, ಹವಾಮಾನ ವಿಚಾರಿಸುವ ದನಿಯಲ್ಲಿ ಕೇಳಿದರು.

"ನಮ್ಮ ಅತ್ತಿಗೆ ನಿಮ್ಮ ವರದಿ ನೋಡಿದ್ರು. ಸಾಲ ಅಷ್ಟು ಕಡಿಮೆ ಇದ್ದೂ ಬಡ್ಡಿ ಯಾಕೆ ಇಷ್ಟೊಂದು ಅಂತ ಕೇಳ್ತಿದ್ರು."

ಯಂತ್ರ ಇನ್ನೂ ಶುರುವಾಗಿರಲಿಲ್ಲ. ಯಜಮಾನರ ಎಡಗೈ ಮೇಲೆದ್ದಿತು.

ಡಾಕ್ಟರು ಯಂತ್ರವನ್ನು ಕೆಳಗಿಟ್ಟು ಕುರ್ಚಿಯನ್ನು ನೆಟ್ಟಗೆ ಮಾಡಿದರು. ಯಜಮಾನರು ಲೋಟದ ನೀರು ತೆಗೆದುಕೊಂಡರು, ಮುಕ್ಕಳಿಸಲಿಲ್ಲ. ಆಮೇಲೆ ಮರಗಟ್ಟಿದ ತುಟಿಯಲ್ಲಿ ತೊದಲುತ್ತ ಎಲ್ಲವನ್ನೂ ಹೇಳಿದರು. ಅತ್ತಿಗೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ದೊಡ್ಡ ಕಂಪನಿಯೊಂದು ಬಂದು ನೋಡಿದ್ದು ನಿಜವಂತೆ, ನೋಡಿಕೊಂಡು ಹೋದದ್ದೂ ನಿಜವಂತೆ. ಈಗ ಷೇರು ಮಾರಿ ಬರುವ ದುಡ್ಡು ಹೊಸ ಲಿಫ್ಟಿಗಲ್ಲ, ಮುಂದಿನ ತಿಂಗಳು ತೀರಿಸಬೇಕಾದ ಸಾಲಕ್ಕೆ.

"ನೀವು ಕೇಳಿದ್ದು ಒಳ್ಳೇದಾಯ್ತು ಡಾಕ್ಟ್ರೇ" ಎಂದರು ಯಜಮಾನರು. "ನೀವು ದುಡ್ಡು ಹಾಕಿಬಿಟ್ಟಿದ್ರೆ ನಿಮಗೆ ಮುಖ ತೋರಿಸೋಕಾಗದೆ ನಾನು ಈ ಹಲ್ಲು ಮುಗಿಸೋಕೆ ಇನ್ನೆಲ್ಲಿಗೋ ಹೋಗಬೇಕಾಗಿತ್ತು."

ಡಾಕ್ಟರಿಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಅಯ್ಯೋ ಪಾಪ ಎನ್ನುವ ಭಾವ. ಬೇರೆಯವರಿಂದ ದುಡ್ಡು ತೆಗೆದುಕೊಳ್ಳುವ ಮೊದಲು ಅವರಿಗೂ ಇಷ್ಟನ್ನೂ ಹೇಳಿ ಎಂದರು. ಯಜಮಾನರು ತಲೆಯಾಡಿಸಿದರು. ಹೇಳುತ್ತಾರೋ ಇಲ್ಲವೋ ದೇವರಿಗೇ ಗೊತ್ತು, ಆದರೆ ಆ ಹೊತ್ತಿನಲ್ಲಿ ಹೇಳಬೇಕೆಂದೇ ಅವರ ಮನಸ್ಸಿನಲ್ಲಿತ್ತು. ಕುರ್ಚಿ ಮತ್ತೆ ಹಿಂದಕ್ಕೆ ವಾಲಿತು, ಹಲ್ಲಿನ ಕೆಲಸ ಚೆನ್ನಾಗಿಯೇ ನಡೆಯಿತು.

ಸಂಜೆ ಅತ್ತಿಗೆ ಬಂದಾಗ ಡಾಕ್ಟರು ನಡೆದದ್ದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿದರು. ಗಂಟು ಉಳಿಯಿತಲ್ಲ ಎಂದು ಬೀಗಿದರು. ಮುಂದೇನು ಎಂದು ಅತ್ತಿಗೆ ಕೇಳಿದರು. ಮುಂದೇನು, ಇನ್ನೊಂದು ಒಂಬತ್ತು ವರ್ಷ ಕೂಡಿಡುವುದು ಎಂದರು ಡಾಕ್ಟರು. ಹೇಳುವಾಗ ಹಗುರವಾಗಿಯೇ ಹೇಳಿದರು, ಹೇಳಿ ಮುಗಿಸಿದ ಮೇಲೆ ಆ ಮಾತು ಅವರಿಗೇ ಭಾರವಾಯಿತು.

ಅಲ್ಲಿಯವರೆಗೆ ಲೋಟ ತೊಳೆಯುತ್ತಿದ್ದ ಹೆಂಡತಿ ಕೈ ಒರೆಸಿಕೊಂಡು ಈ ಕಡೆ ತಿರುಗಿದಳು.

"ಬಾಯೊಂದನ್ನು ಬಿಟ್ಟು ನೀವು ಬೇರೆ ಏನೂ ನೋಡಿರದ ಮನುಷ್ಯನ ಮೇಲೆ ಇಷ್ಟೂ ದುಡ್ಡು ಹಾಕೋಕೆ ನಿಮಗೆ ಭಯ ಆಗಲಿಲ್ಲ" ಎಂದಳು. "ನಿಮ್ಮ ಮೇಲೆ ಹಾಕಿಕೊಳ್ಳೋಕೆ ಯಾಕೆ ರೀ ಭಯ?"

ಡಾಕ್ಟರು ತಡವರಿಸಿದರು. ತಮ್ಮ ಮೇಲೆ ಹಾಕಿಕೊಳ್ಳುವುದೆಂದರೆ ಎರಡನೆಯ ಗಂಟಿಗೆ ಸಾಲ ತೆಗೆಯಬೇಕು ಎಂದರು. ಅತ್ತಿಗೆ ತಮಾಷೆ ಮಾಡಲಿಲ್ಲ. ಲಿಫ್ಟ್ ಕಂಪನಿಯ ವರದಿಯನ್ನು ಬೋರಲು ಹಾಕಿ, ಅದರ ಬಿಳಿ ಬೆನ್ನಿನ ಮೇಲೆ ಮೈದುನನ ಲೆಕ್ಕ ಬರೆಯತೊಡಗಿದರು. ತಿಂಗಳಿಗೆ ಎಷ್ಟು ಜನ ಬರುತ್ತಾರೆ, ಎಷ್ಟು ಕೊಡುತ್ತಾರೆ, ಬಾಡಿಗೆ, ಕರೆಂಟು, ಔಷಧಿ, ಸಹಾಯಕಿಯ ಸಂಬಳ, ಯಾರೂ ಬಾರದ ತಿಂಗಳಿಗೆಂದು ಒಂದಿಷ್ಟು. ಸ್ವಂತದ್ದು ಒಂದು ಗಂಟು, ಸಾಲ ಒಂದು ಗಂಟು, ಸರಿಸಮ. ಕಂತು ಎಷ್ಟು ಬರುತ್ತದೆಂದು ಬರೆದು ಅದರ ಕೆಳಗೆ ಗೆರೆ ಎಳೆದರು. ಆಮೇಲೆ ತಲೆಯೆತ್ತಿ ನೋಡಿದರು, ಆ ನೋಟದಲ್ಲಿ ಅಕ್ಕರೆಯಿತ್ತು.

"ಈ ಖರ್ಚೆಲ್ಲ ಕಳೆದ ಮೇಲೂ, ತಿಂಗಳು ತಿಂಗಳು ನೀನು ಆ ಕ್ಲಿನಿಕ್ಕಿಗೆ ಬಿಟ್ಟು ಬರೋ ಅರ್ಧ ಇದೆಯಲ್ಲ, ಅದರಲ್ಲಿ ಉಳಿಯೋದು ಈ ಕಂತಿಗಿಂತ ಜಾಸ್ತಿ" ಎಂದರು. "ಒಂಬತ್ತು ವರ್ಷದಿಂದ ನೀನು ಕಂತು ಕಟ್ತಾನೇ ಇದ್ದೀಯಪ್ಪ. ಕುರ್ಚಿ ಮಾತ್ರ ಅವರದು."

ಡಾಕ್ಟರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಈ ಸಲ ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದರು. ಎಲ್ಲಿಯೂ ತಪ್ಪು ಸಿಗಲಿಲ್ಲ. ಇಷ್ಟು ವರ್ಷ ತಾವು ಸಾಲವಿಲ್ಲದ ಮನುಷ್ಯ ಎಂದು ಹೇಳಿಕೊಂಡು ತಿರುಗಿದ್ದು ನೆನಪಾಗಿ ನಗು ಬಂತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಅರ್ಜಿ ಹಾಕಲು ಏನೇನು ತರಬೇಕು ಎಂದು ಅತ್ತಿಗೆಯನ್ನು ಕೇಳಿದರು.