ಮಾತು ತುಂಡಾದರೆ ನಿಲ್ಲಬೇಕು

ಚಪ್ಪಲಿಯ ಸದ್ದು ಬದಲಾಯಿತು, ಮನೆಯಿಂದ ಹೊರಡುವಾಗ ಟಪ ಟಪ ಎಂದು ಸಮನಾಗಿ ಬೀಳುತ್ತಿತ್ತು, ಈಗ ಎಡಗಾಲು ಎಳೆಯುತ್ತಿದೆ, ದಣಿದಿದ್ದಾಳೆ ಪ್ರಾಪ್ತಿ, ದಣಿಯಲಿ — ಏಳು ತಿಂಗಳ ಹೊಟ್ಟೆ, ಜೆಪ್ಪುವಿನ ಈ ಏರು, ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲು, ಪಕ್ಕದಲ್ಲಿ ಕೊಡೆ ಹಿಡಿದುಕೊಂಡು ನಾನು, ಅವಳ ಗಂಡ ಕೌಶಲನ ಅಣ್ಣನ ಹೆಂಡತಿ, ಕೊಡೆ ಸ್ವಲ್ಪ ನನ್ನ ಕಡೆಗೇ ವಾಲಿದೆ, ನೋಡಿದವರಿಗೆ ಗೊತ್ತಾಗುವುದಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಹೊರಡುವುದು, ಇವತ್ತು ಅವಳು ಎದ್ದದ್ದೇ ಎಂಟಕ್ಕೆ, ಸಂಜೆ ಹೋಗುವ ಅಕ್ಕ ಅಂದಳು, ಸಂಜೆ ಎಂದರೆ ನಾಲ್ಕು ಗಂಟೆ ಎಂದು ನಾನು ನಿಶ್ಚಯ ಮಾಡಿದೆ, ಪಾಪ, ಬಂದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಡಾಕ್ಟರು ಕೊಟ್ಟ ಕಾಗದದಲ್ಲಿ ಎಲ್ಲ ಬರೆದುಂಟು, ಬಿಸಿಲಿಗೆ ನಡೆಯಬಾರದು, ಆಗಾಗ ನೀರು ಕುಡಿಯಬೇಕು, ಅಂಗಾತ ಮಲಗಿ ಯಾವ ವ್ಯಾಯಾಮವೂ ಬೇಡ, ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾದರೆ, ತಲೆ ತಿರುಗಿದರೆ, ಕೆಳಗೆ ರಕ್ತವೋ ನೀರೋ ಕಂಡರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ, ಎಲ್ಲಕ್ಕಿಂತ ಮುಖ್ಯ, ನಡೆಯುವಾಗ ಮಾತಾಡಲು ಆಗಬೇಕು, ಮಾತು ತುಂಡಾದರೆ ನಿಲ್ಲಬೇಕು. ಹಾಗಾಗಿ ಮಾತಾಡಿಸುತ್ತಿದ್ದೇನೆ, ನನ್ನ ಕೆಲಸವೇ ಅದು, ಕೌಶಲ್ ನಿನ್ನೆ ಫೋನಿನಲ್ಲಿ ಎಂತ ಹೇಳಿದ, ದುಬೈಯಲ್ಲಿ ಇಲ್ಲಿಗಿಂತ ಸೆಕೆಯಾ, ಬಯಕೆಯ ಸೀಮಂತದ ದಿನ ಯಾವ ಸೀರೆ — ಮನೆಯ ಗೇಟಿನ ಹತ್ತಿರ ಅವಳ ಉತ್ತರ ಉದ್ದ ಇತ್ತು, ಟಿಕೆಟ್ ಮಾಡಿದ್ದಾರೆ ಅಕ್ಕ, ಶನಿವಾರ ಬರ್ತಾರೆ, ಯಾರಿಗೂ ಹೇಳಬೇಡಿ, ನಿಮಗೆ ಮಾತ್ರ ಹೇಳಿದ್ದು. ಸೆಮಿನರಿಯ ಗೋಡೆಯ ಹತ್ತಿರ, ಹಸಿರು ಸೀರೆ ಅಕ್ಕ, ಅಮ್ಮ ತಂದದ್ದು. ಈಗ ಹೌದು, ಅಲ್ಲ, ಹ್ಞೂಂ. ಅಳತೆ ಸರಿಯಾಗಿ ಕೆಲಸ ಮಾಡುತ್ತದೆ. ನಾನು ಹೆಜ್ಜೆ ನಿಧಾನ ಮಾಡಲಿಲ್ಲ.

ಇದೇ ಪಾಠ ಫಾಯಿಝಾ ನನಗೂ ಹೇಳಿದ್ದಳು, ಕೊಟ್ಟಾರದಲ್ಲಿ ಬಸುರಿಯರಿಗೆ ವ್ಯಾಯಾಮ ಕಲಿಸುವವಳು, ಮೂರು ವರ್ಷದ ಹಿಂದೆ, ವಾರಕ್ಕೆ ಮೂರು ದಿನ ನೀಲಿ ಚಾಪೆ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ, ಗೋಡೆಗೆ ಕೈ ಕೊಟ್ಟು ಮೆಲ್ಲ ಕೂತು ಮೆಲ್ಲ ಏಳುವುದು, ಎಡಕ್ಕೆ ಮಗ್ಗುಲಾಗಿ ಕಾಲೆತ್ತುವುದು, ಉಸಿರು ಕಟ್ಟಬೇಡಿ ಅಕ್ಕ, ಬಿಡಿ, ಬಿಟ್ಟೆ, ಎಲ್ಲ ಹೇಳಿದ ಹಾಗೆಯೇ ಮಾಡಿದೆ, ಐದನೇ ತಿಂಗಳಲ್ಲಿ ಒಂದು ಮಂಗಳವಾರ ಬಚ್ಚಲಿನಲ್ಲಿ — ಅತ್ತೆ ಕಿನ್ನಿ, ನಾವಿಬ್ಬರೂ ಸೊಸೆಯಂದಿರು ಮಾಮಿ ಎಂದು ಕರೆಯುವುದು, ಮಗ್ಗಿನಲ್ಲಿ ನೀರು ಹೊಯ್ಯುತ್ತಿದ್ದಾರೆ, ಹಿಡಿಸೂಡಿಯಿಂದ ಕೆಂಪು ನೀರನ್ನು ತೂಬಿನ ಕಡೆಗೆ ತಳ್ಳುತ್ತಿದ್ದಾರೆ, ನಾನು ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದೇನೆ, ಕಾಲು ಎತ್ತು ಅನ್ನುತ್ತಾರೆ, ಎತ್ತುತ್ತೇನೆ, ಕಸ ಗುಡಿಸುವವರಿಗೆ ದಾರಿ ಬಿಟ್ಟ ಹಾಗೆ. ಮಗುವಿನ ಬೆಳವಣಿಗೆಯಲ್ಲೇ ದೋಷ ಇತ್ತು, ವ್ಯಾಯಾಮದಿಂದ ಆದದ್ದಲ್ಲ, ಡಾಕ್ಟರು ಎರಡು ಸಲ ಹೇಳಿದರು, ಗಂಡ ತಲೆಯಾಡಿಸಿದ, ಮನೆಗೆ ಬಂದ ಮೇಲೆ ಅವನ ತಾಯಿ, ಇವಳು ಕುಣಿದು ಕುಣಿದು ಮಗು ಕಳೆದುಕೊಂಡಳು ಎಂದು ಊರಿಗೆಲ್ಲ ಹೇಳುವಾಗಲೂ ತಲೆಯಾಡಿಸಿದ, ಅವನಿಗೆ ತಲೆ ಇರುವುದೇ ಅದಕ್ಕೆ. ಚಾಪೆ ತಾರಸಿಗೆ ಹೋಯಿತು, ಮೂರು ಬೇಸಿಗೆ ಅದರ ಮೇಲೆ ಹಲಸಿನ ಹಪ್ಪಳ ಒಣಗಿತು, ನಾನೇ ತಟ್ಟಿದೆ, ನಾನೇ ಮಗುಚಿದೆ, ಒಂದೂ ಮುರಿಯಲಿಲ್ಲ. ಈ ಫೆಬ್ರವರಿಯಲ್ಲಿ ಮಾಮಿ ಅದನ್ನು ಕೆಳಗೆ ತಂದು, ಸೋಪಿನ ನೀರಲ್ಲಿ ತಿಕ್ಕಿ, ಪ್ರಾಪ್ತಿಯ ಕೋಣೆಯಲ್ಲಿ ಹಾಸಿದರು, ವ್ಯಾಯಾಮ ಮಾಡಿದರೆ ಹೆರಿಗೆ ಸುಲಭ ಅಂತೆ, ಸಕ್ಕರೆ ಏರುವುದಿಲ್ಲ ಅಂತೆ, ಕೌಶಲ್ ಹೇಳಿದ, ದುಬೈಯಲ್ಲಿರುವ ಮಗ ಹೇಳಿದರೆ ಅದು ವಿಜ್ಞಾನ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಯಾವ ಸೊಸೆಗೆ ಎಂದು ಯಾರೂ ಹೇಳುವುದಿಲ್ಲ. ಅವಳ ಜೊತೆ ನಡೆಯಲು ನೀನೇ ಹೋಗು, ನನಗೆ ಮೊಣಕಾಲು ಆಗುವುದಿಲ್ಲ, ಎಂತ ಮಾಡಬಾರದು ಅಂತ ನಿನಗೆ ಗೊತ್ತುಂಟಲ್ಲ. ನಗುತ್ತಾ ಹೇಳಿದರು ಮಾಮಿ. ಮೊನ್ನೆ ಇನ್ನೊಂದು, ಭಾನುವಾರ ಬಯಕೆಯ ದಿನ ನೀನು ಉಳ್ಳಾಲಕ್ಕೆ ಅಮ್ಮನ ಮನೆಗೆ ಹೋಗಿ ಬಾ, ಬಹಳ ದಿನ ಆಯಿತಲ್ಲ — ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಸೀಮಂತದಲ್ಲಿ ಬಸುರಿಗೆ ಬಡಿಸಲು ಈ ಕೈ ಆಗದು, ಕೊಡೆ ಹಿಡಿಯಲು ಆಗುತ್ತದೆ. ಆಯಿತು ಮಾಮಿ ಎಂದು ಪಾತ್ರೆ ತೊಳೆದೆ.

ದಾರಿಯಲ್ಲಿ ಪರಿಚಯದ ಕ್ಯಾರಲ್ ತನ್ನ ಗೇಟಿನೊಳಗೆ ಗಿಡಗಳಿಗೆ ಪೈಪು ಹಿಡಿದಿದ್ದಾಳೆ, ಈ ಬಿಸಿಲಿಗೆ ಎಂತದು ಮಾರಾಯ್ತಿ, ಬನ್ನಿ, ಸ್ವಲ್ಪ ಕೂತು ಹೋಗಿ, ಪ್ರಾಪ್ತಿ ನಿಂತೇಬಿಟ್ಟಳು, ಇಲ್ಲ ಕ್ಯಾರಲ್, ಡಾಕ್ಟರು ಮೂವತ್ತು ನಿಮಿಷ ಹೇಳಿದ್ದಾರೆ, ನಾನೇ ಅಂದೆ, ನಡೆದೆವು, ಪೈಪಿನ ನೀರನ್ನು ಪ್ರಾಪ್ತಿ ನೋಡಿದ ನೋಟ ನಾನು ನೋಡಿದೆ. ಬಾಟಲಿ ನನ್ನ ಕೈಯಲ್ಲೇ ಉಂಟು, ಒಂದು ಲೀಟರು, ಐದು ದಿನದಿಂದ ತುಂಬಿಸಿ ತರುತ್ತೇನೆ, ತುಂಬಿದ್ದು ತುಂಬಿದ ಹಾಗೆಯೇ ವಾಪಸು ಹೋಗುತ್ತದೆ, ಅವಳು ಕೇಳುವುದಿಲ್ಲ, ಅಷ್ಟು ಜಂಬ, ಕೇಳಲಿ, ಅಕ್ಕ ನೀರು ಕೊಡಿ ಎಂದು ಬಾಯಿ ಬಿಟ್ಟು ಕೇಳಲಿ, ಕೇಳದೆ ಕೊಡಬಾರದು ಎಂದು ಇವತ್ತು ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದೇನೆ. ಹೊಟ್ಟೆಕಿಚ್ಚು, ಹೌದು, ಅದಕ್ಕೆ ಬೇರೆ ಹೆಸರು ಯಾಕೆ ಹುಡುಕಬೇಕು, ಅವಳ ಹೊಟ್ಟೆ ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ — ಹಿಡಿಸೂಡಿ, ಕೆಂಪು ನೀರು, ಕಾಲು ಎತ್ತು — ಏನಾದರೂ ಆಗಲಿ ಅಂತಲ್ಲ, ಸ್ವಲ್ಪ ಹೆದರಲಿ, ಮಾಮಿಯೂ ಹೆದರಲಿ, ಅಲ್ಲ, ಸುಳ್ಳು, ಆಗಲಿ ಅಂತಲೇ, ಒಂದು ಗಳಿಗೆ ಆಗಲಿ ಅಂತಲೇ ಅನ್ನಿಸುತ್ತದೆ, ಆಮೇಲೆ ಛೆ ಅನ್ನಿಸುತ್ತದೆ, ಹೆಸರು ಎಂತ ಇಡ್ತೀರಿ ಪ್ರಾಪ್ತಿ, ನಿಶ್ಚಯ ಆಯಿತಾ. ಚಪ್ಪಲಿಯ ಸದ್ದು ನಿಂತಿತು. ತಿರುಗಿದರೆ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದಾಳೆ, ಮುಖ ಬಿಳಚಿಕೊಂಡಿದೆ, ಎರಡೂ ಕೈ ಹೊಟ್ಟೆಯ ಮೇಲೆ, ಗಟ್ಟಿ ಆಗ್ತಾ ಉಂಟು ಅಕ್ಕ, ಮೂರನೇ ಸಲ.

ಸಾಕು ಅನ್ನಿಸಿತು, ನಿಜವಾಗಿ ಅನ್ನಿಸಿತು, ಯಾವ ಸೇಡೂ ಬೇಡ, ಕೊಡೆ ಪೂರ್ತಿ ಅವಳ ತಲೆಯ ಮೇಲೆ ಹಿಡಿದೆ, ಬಾಟಲಿಯ ಮುಚ್ಚಳ ಬಿಚ್ಚಿದೆ, ಹೆದರಬೇಡ, ಕುಡಿ, ಮೆಲ್ಲ, ರಿಕ್ಷಾ ನಿಲ್ಲಿಸುತ್ತೇನೆ, ನೇರ ಆಸ್ಪತ್ರೆಗೆ ಹೋಗುವ, ನಾನಿದ್ದೇನಲ್ಲ, ಬಾಟಲಿಯನ್ನು ಅವಳ ಒಣಗಿದ ತುಟಿಯ ಹತ್ತಿರ ಹಿಡಿದೆ, ಅವಳು ಮುಖ ತಿರುಗಿಸಿದಳು. ಬೇಜಾರು ಮಾಡಬೇಡಿ ಅಕ್ಕ, ಹೆರಿಗೆ ಆಗುವವರೆಗೆ ನಿಮ್ಮ ಕೈಯಿಂದ ಎಂತದೂ ತಿನ್ನಬಾರದು ಕುಡಿಯಬಾರದು ಅಂತ ಮಾಮಿ ಹೇಳಿದ್ದಾರೆ. ಎಷ್ಟು ಸರಿಯಾಗಿ ಹೇಳಿದಳು, ಎಲ್ಲಿಯೂ ತುಂಡಾಗಲಿಲ್ಲ, ಈ ಏರು ಹತ್ತಿದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು. ಹಾಗಾದರೆ ನಾನು ಕೊಡದೆ ಇದ್ದದ್ದಲ್ಲ, ಅವಳು ಮುಟ್ಟದೆ ಇದ್ದದ್ದು, ದೋಸೆ ತಾನೇ ಹೊಯ್ದುಕೊಂಡದ್ದು, ನಾನು ಮಾಡಿದ ಚಹಾ ಬೇಡ ಹೊಟ್ಟೆ ಉರಿ ಅಂದದ್ದು, ಅಕ್ಕ ಅಕ್ಕ ಎಂದು ನಗುತ್ತಲೇ — ಮಾತಾಡಲು ಆಗುತ್ತದಲ್ಲ ಪ್ರಾಪ್ತಿ, ಹಾಗಾದರೆ ನಡೆಯಲೂ ಆಗುತ್ತದೆ, ಏಳು, ಇನ್ನು ಹತ್ತು ನಿಮಿಷ ಉಂಟು, ಅನ್ನುತ್ತೇನೆ, ನನ್ನದೇ ಸ್ವರ, ರಿಕ್ಷಾ ಒಂದು ನಿಧಾನ ಮಾಡುತ್ತದೆ, ಬೇಡ ಎಂದು ಕೈ ಆಡಿಸುತ್ತೇನೆ, ಬಾಟಲಿಯನ್ನು ಅವಳ ಕಣ್ಣೆದುರೇ ಬೋರಲು ಹಿಡಿಯುತ್ತೇನೆ, ಒಂದು ಲೀಟರು ನೀರು ಕಾದ ರಸ್ತೆಗೆ ಬೀಳುತ್ತದೆ, ಅವಳು ಹೊಟ್ಟೆ ಹಿಡಿದುಕೊಂಡು ಏಳುತ್ತಾಳೆ, ಹೇಳಿದ್ದನ್ನು ಕೇಳುವ ಹುಡುಗಿ, ಏಳುತ್ತಾಳೆ, ನೀರು ಬದಿಯ ಮಣ್ಣು ಕಲಸಿಕೊಂಡು ಕೆಂಪಾಗಿ ಇಳಿಜಾರಿನಲ್ಲಿ ಅವಳ ಪಾದದ ಕಡೆಗೆ — ಮಗ್ಗು, ಹಿಡಿಸೂಡಿ, ಕೆಂಪು ನೀರು ತೂಬಿನ ಕಡೆಗೆ, ಕಾಲು ಎತ್ತು, ಕೆಂಪು ನೀರು ತೂಬಿನ ಕಡೆಗೆ, ಕಾಲು ಎತ್ತು, ಕೆಂಪು ನೀರು