ಮಾರೆವ್ವನ ಬಯಕಿ, ಮನಿತುಂಬ ಜೇನು

ನನ್ನ ಸೊಸಿ ಮಾರೆವ್ವಗ ಬೇಕಾಗಿದ್ದು ಜೇನಲ್ಲ, ಅವರಪ್ಪ. ಅದು ನನಗ ಮೊದಲನೇ ದಿನಾನ ಗೊತ್ತಾಗಿತ್ತು. ಈ ಸುಂಕಲಮ್ಮ ಅಷ್ಟು ದಡ್ಡಿ ಅಲ್ಲ.

ಚೊಚ್ಚಲ ಬಸುರಿ. ನಾನು ರೊಟ್ಟಿ ಬಡಿಯೋ ಹೊತ್ತಿನ್ಯಾಗ ಒಲಿ ಮುಂದ ಬಂದು ಕುಂತು, "ಅತ್ತಿ, ಹೇಮಗುಡ್ಡದ ಜೇನು ತಿನ್ನಬೇಕು ಅನಸಾಕ ಹತ್ತೈತಿ" ಅಂದ್ಳು. ನಮ್ಮದು ಹಿಟ್ನಾಳ. ಹೇಮಗುಡ್ಡ ಅಂದ್ರ ಈಕಿ ತವರು, ಗಂಗಾವತಿ ಕಡೆ. ಅಲ್ಲಿ ಹಗ್ಗ ಕಟಗೊಂಡು ಕಲ್ಲುಬಂಡೆ ಮ್ಯಾಲಿಂದ ಇಳದು ಜೇನು ಬಿಡಸಾಂವ ಈಕಿ ಅಪ್ಪ ವಿರುಪಣ್ಣ. ಹೇಮಗುಡ್ಡದ ಜೇನು ಬೇಕು ಅಂದ್ರ ನಮ್ಮಪ್ಪನ್ನ ಕರಸ್ರಿ ಅಂದಂಗ. ನೇರ ಕೇಳಾಕ ಹುಡುಗಿಗೆ ಹೆದರಿಕಿ, ಯಾಕಂದ್ರ ಬೀಗರಿಗೂ ನನಗೂ ಮಾತು ಬಂದ್ ಆಗಿತ್ತು.

ಲಗ್ನದಾಗ ಆಗಿದ್ದು ಅದು. ನಮ್ಮ ಪಂಕ್ತಿಗೆ ಹೋಳಗಿ ಬಂತು, ತುಪ್ಪ ಬರಲಿಲ್ಲ. "ಜೇನು ಬಿಡಸೋರ ಮನ್ಯಾಗ ತುಪ್ಪ ಎಲ್ಲಿಂದ ಬರಬೇಕು ಬಿಡ್ರಿ" ಅಂದೆ. ಅಂದಿದ್ದು ಖರೇ, ಇಲ್ಲ ಅನ್ನೂದಿಲ್ಲ. ಅದಕ್ಕ ಆ ಮನುಷ್ಯಾ, ಅಷ್ಟೂ ಮಂದಿ ಮುಂದ, ಏನಂದ ಗೊತ್ತೇನು? "ಬೀಗತಿಯವ್ರ, ನಿಮ್ಮ ನಾಲಿಗಿ ಮ್ಯಾಲ ಒಂದು ಕೊಡ ಜೇನು ಸುರುವಿದ್ರೂ ಸಿಹಿ ಹತ್ತೂದಿಲ್ಲ. ನೀವಾಗಿ ಬಂದು ಕರಿಯೂತನಾ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ." ನಾನೂ ಬಿಡಲಿಲ್ಲ. "ತುಳೀಬ್ಯಾಡ್ರಿ, ನಮ್ಮ ಹೊಸ್ತಿಲಾ ಸವೆಯೂದರ ತಪ್ಪತೈತಿ" ಅಂದೆ. ಅಲ್ಲಿಗೆ ಮುಗೀತು.

ಹಿಂಗಾಗಿ ಸೊಸಿ ಹೇಮಗುಡ್ಡದ ಹೆಸರು ತಗದ ಕೂಡ್ಲೆ ರೊಟ್ಟಿ ಇನ್ನೂ ಜೋರಾಗಿ ಬಡದೆ. ಮಗಗ, "ಯಂಕೋಬಾ, ನಿನ್ನ ಹೆಂಡ್ತಿಗೆ ಜೇನು ಬೇಕಂತ, ಎಲ್ಲಿಂದರ ತಂದು ಹಾಕು" ಅಂತ ಹೇಳಿ ಕೈ ತೊಳಕೊಂಡೆ.

ನಮ್ಮ ಕಡೆ ಬಸುರಿ ಬಯಕಿ ಯಾರ ಕಿವಿಗೆ ಬೀಳತೈತೋ ಅವರು ಅದನ್ನ ತೀರಸಬೇಕು. ಕೇಳಿ ಸುಮ್ಮನಿದ್ರ ಹುಟ್ಟೋ ಕೂಸಿನ ಕಿವಿ ಸೋರತಾವ. ಅದಕ್ಕ ಬಯಕಿ ಮಾತು ಮನಿಯವರ ನಡುವ ಇರಬೇಕು. ನನ್ನ ಮಗಗ ಆ ಬುದ್ಧಿ ಎಲ್ಲಿ? ಅಂವ ಗಂಗಾವತಿಗೆ ಭತ್ತದ ಗಾಡಿ ಹೊಡಿಯಾಂವ. ದಾರ್ಯಾಗ ಸಿಕ್ಕವರನ್ನೆಲ್ಲಾ ನಿಂದ್ರಿಸಿ, "ನಮ್ಮಾಕಿಗೆ ಜೇನಿನ ಬಯಕಿ ಆಗೈತ್ರಿ, ಎಲ್ಲ್ಯರ ಸಿಗತೈತೇನ್ರಿ?" ಅಂತ ಕೇಳ್ಯಾನ. ಪಾಪ, ಕೇಳಿದವರಿಗೆಲ್ಲಾ ಗಂಟು ಬಿತ್ತು.

ಲಡಾಯಿ ನಡದಿದ್ದ ಕಾಲ ಅದು. ಸಕ್ರಿ ಕಂಟ್ರೋಲಿನ್ಯಾಗ ಸಿಗತಿತ್ತು, ಅದೂ ಕಣ್ಣಿಗೆ ಹಚ್ಚಿಕೊಳ್ಳಾಕ ಸಾಲತಿರಲಿಲ್ಲ. ಅಂಥಾದ್ರಾಗ ನಮ್ಮ ಮನಿಗೆ ಜೇನು ಬರಾಕ ಹತ್ತಿತು. ಕುರಿ ಕಾಯಾಂವ ಒಣಗಿದ ಸೋರಿಕಾಯಿ ಟೊಳ್ಳು ಮಾಡಿದ ಸೋರಿಬುರುಡಿ ತುಂಬ ತಂದ. ಅಕ್ಕಿ ಗಿರಣಿ ಸಾವಕಾರ ಒಂದು ಕೊಡಾನ ಕಳಿಸಿದ. ಬಾಜೂಮನಿ ಹಮೀದಾಬಿ ತನ್ನ ಹಕೀಮ ಅಣ್ಣನ ಭರಣಿ ಎತಗೊಂಡು ಬಂದ್ಳು. ಇಷ್ಟು ಸಾಲದಂತ ಯಂಕೋಬ ತಾನೂ ಹಿತ್ತಲದ ಬೇವಿನ ಗಿಡಾ ಏರಿ ಗೂಡು ಕಿತ್ತ. ಮಾರಿ ಬಾತು ಹೋಳಗಿ ಆಗಿತ್ತು, ಆದ್ರೂ ಕೈಯಾಗ ಸಣ್ಣ ಗಡಗಿ ಹಿಡಕೊಂಡು ಹಲ್ಲು ಕಿಸಕೋತ ನಿಂತಿದ್ದ. ಎಂಥಾ ಮಗನ್ನ ಹಡದೆವ್ವಾ ಅನಿಸಿತು.

ಮಾರೆವ್ವ ಮಾತ್ರ ಬಂದದ್ದರಾಗೆಲ್ಲಾ ಒಂದು ಬೊಟ್ಟು ಅದ್ದಿ, "ಛಲೋ ಐತಿ ಅತ್ತಿ" ಅಂತಿದ್ಳು. ಎರಡನೇ ಬೊಟ್ಟು ಅದ್ದಿದಾಕಿ ಅಲ್ಲ. ಬಾಗಲದಾಗ ಕುಂತು ಗಂಗಾವತಿ ದಾರಿ ನೋಡೂದ ಒಂದು ಕೆಲಸ ಆಗಿತ್ತು.

ಇತ್ತ ನನ್ನ ಗೋಳು ನನಗ. ಇರುವಿ ಸಾಲು ಅಡಗಿಮನಿ ಬಿಟ್ಟು ಕದಲವಲ್ಲವು. ಗಡಗಿಗಳನ್ನ ನೀರಿನ ಪರಾತದಾಗ ನಿಂದ್ರಿಸಿದೆ. ಸಜ್ಜಿ ರೊಟ್ಟಿಗೆ ಜೇನು, ಅಂಬಲಿಗೆ ಜೇನು, ಮಾದಲಿಗೆ ಬೆಲ್ಲ ಬಿಟ್ಟು ಜೇನು. ಹುರಿಹಿಟ್ಟು ಕಲಿಸಿ ಉಂಡಿ ಕಟ್ಟಿ ಓಣಿಗೆಲ್ಲಾ ಹಂಚಿದೆ. ಹಸಿಶುಂಠಿ ಹೆಚ್ಚಿ ಮುಳುಗಿಸಿದೆ, ನಿಂಬಿಹಣ್ಣು ಮುಳುಗಿಸಿದೆ. ಕೆಮ್ಮಿದವರಿಗೊಂದು ಚಮಚ ಅಂತ ಬಾಯಿತಪ್ಪಿ ಅಂದೆ ನೋಡ್ರಿ, ಓಣಿ ಹುಡುಗರೆಲ್ಲಾ ನಮ್ಮ ಮನಿ ಮುಂದ ಬಂದಾಗ ಕೆಮ್ಮಾಕ ಶುರುಮಾಡಿದ್ರು. ನೊಗ ತಾಗಿ ಎತ್ತಿನ ಹೆಗಲು ಹುಣ್ಣಾಗಿತ್ತು, ಅದಕ್ಕೂ ಸವರಿದೆ. ಆ ಎತ್ತು ತನ್ನ ಹೆಗಲಾ ತಾನ ನೆಕ್ಕಾಕ ಹೋಗಿ ಗ್ವಾದಲಿ ಮುಂದ ಗರಗರ ಸುತ್ತಿತು. ಅವತ್ತ ಒಂದಿನ ಮಾರೆವ್ವ ನಕ್ಕಳು. ಆಮ್ಯಾಲ ಮತ್ತ ಬಾಗಲಾ ಹಿಡದ್ಳು.

ಏಳನೇ ತಿಂಗಳಿನ ಕುಬಸ ಹತ್ರ ಬಂತು. ಕುಬಸದ ಹಸರು ಸೀರಿ, ಖಣ, ಬಳಿ ತವರಿನವರ ತರಬೇಕು. ತಾಯಿ ಇಲ್ಲದ ಹುಡುಗಿ, ತವರು ಅಂದ್ರ ಅಪ್ಪ ಒಬ್ಬನ. ಅಂವ ಬರಲಿಲ್ಲ ಅಂದ್ರ ಈಕಿ ಮಣಿ ಮ್ಯಾಲ ಯಾವ ಮನಸ್ಸಿಂದ ಕುಂದರಬೇಕು? ಆದ್ರ ಅಂವ ಬರಲಿ ಅಂತ ನಾನು, ಕರೀಲಿ ಅಂತ ಅಂವ.

ಹಮೀದಾಬಿ ಶಾವಿಗಿಗೆ ಅಂತ ಜೇನು ಒಯ್ಯಾಕ ಬಂದಾಕಿ ಬಟ್ಟಲಾ ತುಂಬಿಸಿಕೊಂಡು ನಿಂತ್ಳು. "ಸುಂಕಲಮ್ಮಕ್ಕಾ, ಕಿವಿಗೆ ಬಿದ್ದವರೆಲ್ಲಾ ತಂದು ಕೊಟ್ರು. ಬಯಕಿ ಎಲ್ಲರಕಿಂತಾ ಮೊದಲು ಬಿದ್ದದ್ದು ನಿನ್ನ ಕಿವಿಗೆ. ಆಕಿ ಕೇಳಿದ್ದು ಏನಂತ ತಿಳದಾಕಿನೂ ನೀನ. ನೀ ಏನು ಕೊಟ್ಟಿ?"

"ನನ್ನ ಮನಿ ಜೇನು ಒಯ್ದು ನನಗ ಬುದ್ಧಿ ಹೇಳತಿ ಏನ?" ಅಂತ ಮ್ಯಾಲ ಬಿದ್ದೆ. ಆಕಿ ನಕ್ಕೋತ ಹೋದ್ಳು. ನನಗ ಮಾತ್ರ ಎದಿಯೊಳಗ ಮುಳ್ಳು ಮುರಿದಂಗ ಆತು. ಆ ಕಿವಿ ಸೋರಿದ್ರ ಯಾರದು ಸೋರೂದು? ನನ್ನ ಮೊಮ್ಮಗುವಿಂದು.

ಮುಂಜಾನಿ ಎದ್ದು, "ಯಂಕೋಬಾ, ಗಾಡಿ ಹೂಡು" ಅಂದೆ. ಎಲ್ಲಿಗೆ ಅಂತ ಮಾರೆವ್ವಗ ಹೇಳಲಿಲ್ಲ. ಬೀಗರ ಮನಿಗೆ ಬರಿಗೈಲೆ ಹೋಗಾಕ ಬರೂದಿಲ್ಲ. ಅವಸರದಾಗ ಕೈಗೆ ಸಿಕ್ಕ ಸಣ್ಣ ಗಡಗಿ ಎತಗೊಂಡು ಹತ್ತಿ ಕುಂತೆ. ಜೇನು ಬಿಡಸಾಂವನ ಮನಿಗೆ ಜೇನು ಒಯ್ಯಾಕ ಹತ್ತೇನಿ ಅಂತ ತಲಿಗೆ ಬಂದದ್ದು ಅರ್ಧ ದಾರಿ ದಾಟಿದ ಮ್ಯಾಲ.

ವಿರುಪಣ್ಣ ಕಟ್ಟಿ ಮ್ಯಾಲ ಒಂದು ಕಾಲು ಚಾಚಿ ಕುಂತಿದ್ದ. ನನ್ನ ನೋಡಿ ಏಳಾಕ ಹೋದ, ಆಗಲಿಲ್ಲ. ಬಾಜೂಕ ಊರುಗೋಲು ಇತ್ತು. ಬೈಯಬೇಕು ಅಂತ ಕೂಡಿಸಿಟಗೊಂಡು ಹೋಗಿದ್ದ ಮಾತೆಲ್ಲಾ ಬಿಟ್ಟು ಅಂವನ ಕಾಲು ನೋಡಿದೆ.

"ಕಾಲಿಗೇನಾತ್ರಿ?"

"ದೀಪಾವಳಿ ಮುಂದ ಹಗ್ಗ ಹರೀತ್ರಿ ಬೀಗತಿಯವ್ರ. ಮಾರೆವ್ವಗ ಹೇಳಬ್ಯಾಡ್ರಿ. ಬಸುರಿ ಹೆಂಗಸು, ಗಾಬರಿ ಆಗತಾಳ." ತಲಿ ಕೆಳಗ ಹಾಕಿದ. "ಆಕಿ ಬಯಕಿ ನನ್ನ ಕಿವಿಗೂ ಬಿತ್ರಿ. ಜೇನು ಅಂದ್ರ ನನ್ನನ್ನ ಕರ್ಯಾಕ ಹತ್ಯಾಳ ಅಂತ ನನಗ ತಿಳಿಯೂದಿಲ್ಲೇನ್ರಿ? ನಿಮ್ಮ ಮ್ಯಾಲಿನ ಸಿಟ್ಟು ಎಂದೋ ಇಳದೈತಿ. ಆದ್ರ ಗುಡ್ಡಾ ಏರಾಕ ಆಗೂದಿಲ್ಲ. ಬರಿಗೈಲೆ ಯಾವ ಮಾರಿ ಹೊತಗೊಂಡು ಬರಲ್ರಿ?"

ಅಷ್ಟೆತ್ತರದ ಗಂಡಸು ಧೋತರದ ಚುಂಗಿಲೆ ಕಣ್ಣು ಒರಸಿಕೊಂಡ. ಸಮಾಧಾನ ಮಾಡೋ ಮಾತು ನನಗ ಬರೂದಿಲ್ಲ, ರೂಢಿ ಇಲ್ಲ. ಗಡಗಿ ತಗದು ಅಂವನ ಮುಂದ ಇಟ್ಟೆ.

"ಇದನ್ನ ನಿಮ್ಮ ಸೋರಿಬುರುಡ್ಯಾಗ ಸುರುವಿಕೊಳ್ಳ್ರಿ. ಕುಬಸದ ದಿನ ಗಾಡಿ ಕಳಸತೀನಿ, ತೊಗೊಂಡು ಬರ್ರಿ. ಹೇಮಗುಡ್ಡದ್ದು ಅಂತ ಹೇಳ್ರಿ."

"ಮಗಳಿಗೆ ಸುಳ್ಳು ಹೇಳಂತೀರೇನ್ರಿ?"

"ನಾನಾಗಿ ಬಂದು ಕರದೇನಿ. ಅದರ ಖರೇ ಐತಿಲ್ಲೋ? ಬರ್ರಿ ಸುಮ್ನ."

ಬಂದ. ಹಸರು ಸೀರಿ, ಖಣ, ಹಸರು ಬಳಿ, ಹೆಗಲಿಗೆ ಸೋರಿಬುರುಡಿ. ಮಾರೆವ್ವ ಹೊಟ್ಟಿ ಹಿಡಕೊಂಡು ಅಂಗಳಕ್ಕ ಓಡಿದ್ಳು. "ಕಾಲಿಗೇನಾತಪ್ಪಾ?" ಅಂದ್ರ, "ಮುಳ್ಳು ಚುಚ್ಚೈತಿ ಯವ್ವಾ" ಅಂದ. ಮಣಿ ಮ್ಯಾಲ ಕುಂದರಿಸಿ ಉಡಿ ತುಂಬಿದಿವಿ. ಅಂವ ಬುರುಡಿ ಮುಂದ ಹಿಡದ. "ಹೇಮಗುಡ್ಡದ್ದು" ಅಂದ, ನೆಲಾ ನೋಡಕೋತ.

ಆಕಿ ಬೊಟ್ಟು ಅದ್ದಿ ಬಾಯಾಗ ಇಟ್ಟ ಹೊತ್ತಿಗೆ ನನಗ ನೆನಪಾತು. ನಾನು ಒಯ್ದ ಸಣ್ಣ ಗಡಗಿ ಯಂಕೋಬ ಹಿತ್ತಲದಾಗ ಬಿಡಿಸಿದ್ದು! ಬೇವಿನ ಹೂವಿನ ಜೇನು, ನುಂಗಿದ ಮ್ಯಾಲ ಕಹಿ ಹತ್ತತೈತಿ. ಕೂಸು ಸೈತ ಗುರುತು ಹಿಡೀತೈತಿ, ಈಕಿ ಜೇನು ನೆಕ್ಕಿ ಬೆಳದಾಕಿ.

ಮಾರೆವ್ವ ಅವರಪ್ಪನ ಮಾರಿ ನೋಡಿದ್ಳು. ಕಾಲು ನೋಡಿದ್ಳು. ಆಮ್ಯಾಲ ನನ್ನ ನೋಡಿದ್ಳು, ಭಾಳ ಹೊತ್ತು.

"ಅಪ್ಪಾ, ನಮ್ಮ ಗುಡ್ಡದ ಜೇನಿನ ರುಚಿನ ಬ್ಯಾರೆ ನೋಡು" ಅಂದು ಬುರುಡಿ ಉಡಿಯಾಗ ಇಟಗೊಂಡು ತಿನ್ನಾಕ ಹತ್ತಿದ್ಳು. ಕಣ್ಣೀರು ಗಲ್ಲದ ಮ್ಯಾಲ ಇಳದ್ರೂ ನಿಂದರಲಿಲ್ಲ.

ಬೀಗರ ಎಲಿಗೆ ನಾನ ತುಪ್ಪ ಬಡಿಸಿದೆ. ಹೋಳಗಿ ಮುಳುಗಿ ಎಲಿಯಿಂದ ಹೊರಗ ಹರೀತು. "ಸಾಕ್ರೀ" ಅಂದ. "ಸುಮ್ನ ಉಣ್ರಿ" ಅಂದೆ.

ಮಾರೆವ್ವ ನನ್ನ ಬೆನ್ನಿಗೆ ಬಂದು ನಿಂತು ಕಿವ್ಯಾಗ ಕೇಳಿದ್ಳು. "ಅತ್ತಿ, ಹೇಮಗುಡ್ಡದ ತುದಿಗೆ ಬೇವಿನ ಗಿಡ ಯಾವಾಗ ಹುಟ್ಟಿದವು?"

"ಬಾಯಿ ಮುಚಗೊಂಡು ತಿನ್ನು. ನಮ್ಮ ಬೀಗರು ಅಂಥಾ ಕಾಲು ಇಟಗೊಂಡು ಗುಡ್ಡಾ ಏರಿ ತಂದಾರ."

ಆಕಿ ಒಂದು ಬೊಟ್ಟು ಅದ್ದಿ ನನ್ನ ಬಾಯಿಗೆ ಇಟ್ಟಳು. ಉಣಕೋತ ಕುಂತಿದ್ದ ವಿರುಪಣ್ಣ ತಲಿ ಎತ್ತಿದ. "ಸಿಹಿ ಹತ್ತಿತೇನ್ರಿ ಬೀಗತಿಯವ್ರ?"

ಗಂಟಲತನಾ ಬೇವಿನ ಕಹಿ ಇಳೀತು.

"ಹತ್ತಿತ್ರಿ" ಅಂದೆ.